ಸುತ್ತಿಡದ ಹಾಸಿಗೆ

ಕೇಳುಗರಿಗೆಲ್ಲ ನಮಸ್ಕಾರ ರೀ. ನಮ್ಮ ಮನೆಯ ಒಂದು ಗುಟ್ಟು ಹೇಳಿಯೇ ಶುರು ಮಾಡುತ್ತೇನೆ. ಬೀಗರು ಬರುತ್ತಿದ್ದಾರೆ ಅಂತ ಫೋನ್ ಬಂತೋ, ಹತ್ತು ನಿಮಿಷದಲ್ಲಿ ನಮ್ಮ ಪಡಸಾಲೆ ಥಳಥಳ. ಪೇಪರು, ಚಾರ್ಜರು, ಮಗಳ ಬ್ಯಾಗು, ಮಡಚದ ಬಟ್ಟೆ, ಎಲ್ಲಾ ಮಾಯ. ಎಲ್ಲಿಗೆ ಹೋದವು? ಮಲಗುವ ಕೋಣೆಗೆ. ಬಾಗಿಲು ಎಳೆದು ಚಿಲಕ ಹಾಕಿದರೆ ಮುಗಿಯಿತು. ನಿಮ್ಮಲ್ಲೂ ಹೀಗೇ ಅಲ್ವಾ? ಬಂದವರು ಅರ್ಧ ತಾಸು ಕೂಡುವ ಜಾಗಕ್ಕೆ ಇಷ್ಟು ಉಪಚಾರ, ನಾವು ದಿನಾ ಏಳೆಂಟು ತಾಸು ಮೂಗು ಊರಿ ಮಲಗುವ ಜಾಗಕ್ಕೆ ಬರೀ ಚಿಲಕ.

ನಾನು ಬೆಳೆದದ್ದು ಗದಗಿನ ಕಡೆಯ ಹಳ್ಳಿಯಲ್ಲಿ. ಆ ಮನೆಯಲ್ಲಿ ಮಲಗುವ ಕೋಣೆ ಅಂತಲೇ ಇರಲಿಲ್ಲ. ರಾತ್ರಿ ಊಟ ಆದ ಮೇಲೆ ಪಡಸಾಲೆಗೆ ಜಮಖಾನ ಬೀಳುತ್ತಿತ್ತು, ಅದರ ಮೇಲೆ ಕೌದಿ, ಸಾಲಾಗಿ ಆರು ಜನ. ಬೆಳಗಾದರೆ ಎಲ್ಲ ಝಾಡಿಸಿ, ಸುತ್ತಿ, ಮೂಲೆಯ ಟ್ರಂಕಿನ ಮೇಲೆ ಒಟ್ಟಬೇಕು. "ಹಾಸಿಗಿ ಸುತ್ತದವಗ ಚಾ ಇಲ್ಲ" ಅನ್ನುವುದು ಅವ್ವನ ಕಾನೂನು. ಆಗ ಅದು ಬರೀ ಕಿರಿಕಿರಿ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ, ಆ ಒಂದು ಸುತ್ತುವ ಕೆಲಸದಲ್ಲಿ ಎಷ್ಟೋ ಕೆಲಸ ಸೇರಿತ್ತು. ಹಾಸಿಗೆಗೆ ಗಾಳಿ ಆಡುತ್ತಿತ್ತು, ಧೂಳು ಉದುರುತ್ತಿತ್ತು, ನೆಲ ಪೂರ್ತಿ ಬರಿದಾಗಿ ಕಸಬರಿಗೆ ಮೂಲೆಮೂಲೆಗೂ ಹೋಗುತ್ತಿತ್ತು. ಯಾರೂ ಇದನ್ನು ಸ್ವಚ್ಛತೆ ಅಂತ ಕರೆಯಲಿಲ್ಲ, ಚಾ ಕುಡಿಯೋಕೆ ಮಾಡಿದರು ಅಷ್ಟೇ.

ಆಮೇಲೆ ಮಂಚ ಬಂತು. ಗಾದಿ ಬಂತು. ಹಾಸಿದ ಹಾಸಿಗೆ ಹಾಸಿದಂತೆಯೇ ಉಳಿಯಿತು, ಮಂಚದ ಕೆಳಗೆ ಒಂದು ಗೋದಾಮು ಹುಟ್ಟಿತು. ಹೋದ ದಸರಾಕ್ಕೆ ಧಾರವಾಡದ ನಮ್ಮ ಮನೆಯ ಮಂಚ ಸರಿಸಿದೆ ನೋಡಿ, ಮಿಕ್ಸರಿನ ಖಾಲಿ ಡಬ್ಬಿ (ಮಿಕ್ಸರ್ ಕೆಟ್ಟು ಹೋಗಿ ವರ್ಷವಾಗಿತ್ತು), ಮಗಳ ಐದನೇ ಇಯತ್ತೆಯ ಪುಸ್ತಕ, ಒಂಟಿ ಚಪ್ಪಲಿ, ಮತ್ತೆ ಬೆರಳಿಗೆ ಹತ್ತುವಷ್ಟು ಧೂಳು. ನಮ್ಮ ಕಡೆ ಧೂಳಿಗೇನು ಬರ? ಹುಬ್ಬಳ್ಳಿ ರಸ್ತೆ ಒಂದು ಕಡೆ, ಗದಗಿನ ಎರೆ ಹೊಲ ಇನ್ನೊಂದು ಕಡೆ, ಆಷಾಢದ ಗಾಳಿ ಬೀಸಿತೆಂದರೆ ಹೊಲವೇ ಎದ್ದು ಕಿಟಕಿಯೊಳಗೆ ಬರುತ್ತದೆ.

ಆದರೆ ಹೊರಗಿನ ಧೂಳಿಗಿಂತ ಒಳಗಿನದ್ದೇ ಜಾಸ್ತಿ ಕಾಟ ಕೊಡುವುದು. ನಮ್ಮ ಮೈಯಿಂದ ದಿನಾ ಚರ್ಮದ ಹೊಟ್ಟು ಉದುರುತ್ತದೆ. ಗಾದಿಯೊಳಗೆ ಧೂಳಿನ ನುಸಿ ಅಂತ ಒಂದು ಜೀವ ಇರುತ್ತದೆ, ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು ಕೂಡ ಇರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಆ ಹೊಟ್ಟೇ ಅದರ ಊಟ. ಕಚ್ಚುವುದಿಲ್ಲ ಪಾಪ, ಆದರೆ ಅದರ ಹಿಕ್ಕೆ ಮೂಗಿಗೆ ಹೋಗಿ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸೀನು ಬರಿಸುತ್ತದೆ, ದಮ್ಮು ಇರುವವರಿಗೆ ಇನ್ನೂ ಕಷ್ಟ. ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಅದಕ್ಕೇ ಅವ್ವ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದ ಲೆಕ್ಕ ಸರಿಯಾಗಿತ್ತು. ಗಾದಿ ಒಣಗಿದರೆ ನುಸಿಯೂ ಒಣಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ವಿಚಿತ್ರ ಅನ್ನಿಸಬಹುದು. ಎದ್ದ ತಕ್ಷಣ ಹಾಸಿಗೆಯ ಮೇಲೆ ಚಾದರ ಎಳೆದು ಚಂದ ಮಾಡಬೇಡಿ. ರಾತ್ರಿಯ ಬೆವರಿನ ತೇವ ಒಳಗೇ ಉಳಿಯುತ್ತದೆ. ಹೊದಿಕೆ ಸರಿಸಿ, ಕಿಟಕಿ ತೆರೆದು, ಚಾ ಕುಡಿದು ಬಂದು ಆಮೇಲೆ ಸರಿ ಮಾಡಿ. ಅವ್ವ ಇದ್ದಿದ್ದರೆ ಇದನ್ನು ಸೋಮಾರಿಗಳ ಶಾಸ್ತ್ರ ಅನ್ನುತ್ತಿದ್ದಳು.

ಚಾದರ ಮತ್ತು ತಲೆದಿಂಬಿನ ಚೀಲ ವಾರಕ್ಕೊಮ್ಮೆ ಒಗೆಯಬೇಕು, ನುಸಿ ಸಾಯಬೇಕಾದರೆ ನೀರು 60 ಡಿಗ್ರಿಯಷ್ಟು ಬಿಸಿ ಇರಬೇಕು. ಹೇಳುವುದು ಸುಲಭ. ನಮ್ಮ ಅವಳಿ ನಗರದಲ್ಲಿ ನಳ ದಿನಾ ಬರದ ಓಣಿಗಳ ಕಷ್ಟ ನನಗೂ ಗೊತ್ತು. ನಾವು ಒಂದು ದಾರಿ ಮಾಡಿಕೊಂಡಿದ್ದೇವೆ. ನಳ ಬಂದ ದಿನವೇ ಚಾದರದ ದಿನ, ವಾರ ಯಾವುದಾದರೂ ಇರಲಿ.

ಮಳೆಗಾಲದ ಧಾರವಾಡದ ಕಥೆ ಬೇರೆ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ತಿಜೂರಿಯ, ಅಂದರೆ ಬಟ್ಟೆ ಕಪಾಟಿನ, ಹಿಂದೆ ಗೋಡೆಗೆ ಬೂಸರು. ನಮ್ಮದನ್ನು ನಾಲ್ಕು ಬೆರಳು ಮುಂದೆ ಸರಿಸಿದ ಮೇಲೆ ಕಡಿಮೆಯಾಯಿತು. ಅರ್ಧ ಒಣಗಿದ ಬಟ್ಟೆ ಮಡಚಿ ಒಳಗಿಡುವ ಚಟ ನಮ್ಮಲ್ಲಿ ಒಬ್ಬರಿಗಿದೆ, ಯಾರು ಅಂತ ಹೇಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ತಗಣಿ, ಅಂದರೆ ತಿಗಣೆ, ಇದ್ದರೆ ಮಾತ್ರ ಬರೀ ಬಿಸಿಲನ್ನು ನಂಬಬೇಡಿ. ಹಿಂದೆ ಹೊರಸಿನ ಸಂದಿಗೆ ಕುದಿಯುವ ನೀರು ಸುರಿಯುತ್ತಿದ್ದರು, ಅದರಲ್ಲಿ ಅರ್ಥವಿತ್ತು, ಶಾಖಕ್ಕೆ ಅದು ಸಾಯುತ್ತದೆ. ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುವ ಗಟ್ಟಿ ಪ್ರಾಣಿ ಅದು. ಹಾಗಾಗಿ ಹಳೇ ಮಂಚ ಕೊಂಡರೆ ಕೋಣೆಗೆ ಒಯ್ಯುವ ಮುಂಚೆಯೇ ಸಂದಿ ನೋಡಿ.

ಈಗ ಆ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಎಲ್ಲರ ಕೋಣೆಯಲ್ಲೂ ಒಂದು ಇರುತ್ತದೆ. ಅದರ ಮೇಲೆ ಯಾರೂ ಕೂಡುವುದಿಲ್ಲ, ಒಂದು ಸಲ ತೊಟ್ಟ ಬಟ್ಟೆಗಳು ಕೂಡುತ್ತವೆ. ಒಗೆಯುವಷ್ಟು ಕೊಳೆ ಆಗಿಲ್ಲ, ತಿಜೂರಿಗೆ ಇಡುವಷ್ಟು ಮಡಿಯೂ ಅಲ್ಲ, ತ್ರಿಶಂಕು ಸ್ಥಿತಿ. ಇದು ಬರೀ ಅಂದಗೇಡಿನ ಮಾತಲ್ಲ. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಉಳಿದ ಹೊತ್ತು ತೂಗುಬಿಟ್ಟ ಬಟ್ಟೆಗಳ ಮರೆಯಲ್ಲಿ, ಮಂಚದ ಕೆಳಗಿನ ಕತ್ತಲಲ್ಲಿ ಸುಮ್ನೆ ಕೂತಿರುತ್ತದೆ. ನಾವು ಹೊರಗೆ ಬ್ಯಾರೆಲ್ಲಿನ ನೀರು ಚೆಲ್ಲಿ, ಒಳಗೆ ಅದಕ್ಕೊಂದು ಮನೆ ಕಟ್ಟಿಕೊಟ್ಟಿರುತ್ತೇವೆ.

ಹಳ್ಳಿ ಮನೆಯ ಗೋಡೆಗೆ ತಲೆಗೊಂದು ಗೂಟ ಇತ್ತು. ಅಪ್ಪನ ಗೂಟಕ್ಕೆ ನಾನು ಅಂಗಿ ಹಾಕಿದರೆ ಅದು ನೆಲಕ್ಕೆ ಬೀಳುತ್ತಿತ್ತು. ಅದು ನೆನಪಾಗಿ ಹೋದ ತಿಂಗಳು ಕುರ್ಚಿಯನ್ನು ಪಡಸಾಲೆಗೆ ಸಾಗಿಸಿ, ಬಾಗಿಲ ಹಿಂದೆ ಮೂರು ಕೊಕ್ಕೆ ಬಡಿದೆ. ಮೂವರಿಗೆ ಮೂರು, ಒಂದರಲ್ಲಿ ಒಂದೇ ಬಟ್ಟೆ ಅಂತ ಸಾರಿದೆ. ಇವತ್ತು ರೇಡಿಯೋಕ್ಕೆ ಹೊರಡುವ ಮುಂಚೆ ಎಣಿಸಿ ಬಂದೆ. ಏಳು ಇದ್ದವು. ಅದರಲ್ಲಿ ನಾಲ್ಕು ನನ್ನವೇ.