ಹಾಕಿ ಮೈದಾನ ಸಾಲದ ಎಸೆತ

ನೀವೀಗ ನೋಡ್ತಿರೋದು ನಮ್ಮೂರಿನ ಹಾಕಿ ಮೈದಾನ. ಕೊಡಗಿನ ಮಳೆಗಾಲ, ಬೆಳಗ್ಗೆ ಆರೂವರೆ. ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಉಸಿರು ಬಿಡೋಕೆ ಜಾಗ ಕೊಟ್ಟಿದೆ. ನನ್ನ ಕೈಯಲ್ಲಿರೋದು ಮೇಸ್ತ್ರಿ ಹತ್ರ ಇಸ್ಕೊಂಡು ಬಂದ 30 ಮೀಟರ್ ಟೇಪು. ಆ ಕಡೆ, ಮಂಡಿವರೆಗೂ ಕೆಸರು ಮಾಡ್ಕೊಂಡು ನಿಂತಿರೋನು ಅಕ್ಕನ ಮಗ. ಅವನ ಬಗಲಲ್ಲಿ ಬಿದಿರಿನ ಗೂಟಗಳ ಕಟ್ಟು, ಕೈಯಲ್ಲಿ ಸುತ್ತಿಗೆ.

ಏನು ಮಾಡ್ತಿದ್ದೀವಿ ಅಂದ್ರೆ, ಒಬ್ಬ ಮನುಷ್ಯನ ಜೀವನವನ್ನ ನೆಲದ ಮೇಲೆ ಅಳೀತಿದ್ದೀವಿ. ಅವನ ಹೆಸರು ಯಾನ್ ಝೆಲೆಜ್ನಿ, ಜಾವೆಲಿನ್ ಅಂದ್ರೆ ಭರ್ಜಿ ಎಸೀತಿದ್ದ ಚೆಕ್ ಆಟಗಾರ. ನಮ್ಮ ಪೇಪರ್‌ಗಳಲ್ಲಿ ಜಾನ್ ಅಂತ ಬರೀತಾರೆ, ಆದ್ರೆ ಅವನೂರಲ್ಲಿ ಯಾನ್. ಝೆಲೆಜ್ನಿ ಅಂದ್ರೆ ಚೆಕ್ ಭಾಷೆಯಲ್ಲಿ ಕಬ್ಬಿಣದ್ದು ಅಂತ ಅರ್ಥ.

ಇದರ ಹುಚ್ಚು ಹತ್ತಿದ್ದು 2025ರ ಜುಲೈ 5ರಂದು. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ನಡೀತಲ್ಲ, ಅವತ್ತು ನಾನೂ ಹೋಗಿದ್ದೆ. ನೀರಜ್ 86.18 ಮೀಟರ್ ಎಸೆದು ಗೆದ್ದ. ಟಿವಿಯಲ್ಲಿ ಜಾವೆಲಿನ್ ನೋಡಿದ್ರೆ ದೂರ ಗೊತ್ತಾಗಲ್ಲ, ಕ್ಯಾಮೆರಾ ಅದರ ಹಿಂದೇನೇ ಓಡುತ್ತೆ. ಸ್ಟ್ಯಾಂಡಲ್ಲಿ ಕೂತು ನೋಡಿದಾಗ ಮಾತ್ರ, ಇದು ಇನ್ನೂ ಹೋಗ್ತಾನೇ ಇದೆಯಲ್ಲಪ್ಪ ಅಂತ ಅನ್ಸೋದು. ಆಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಣ್ಣಗೆ ಅಂದ್ರು, ‘ಇವನ ಕೋಚ್ ಇದಕ್ಕಿಂತ ಹನ್ನೆರಡು ಮೀಟರ್ ಜಾಸ್ತಿ ಎಸೆದಿದ್ದಾನೆ, ಗೊತ್ತಾ?’

ಹನ್ನೆರಡು ಮೀಟರ್ ಜಾಸ್ತಿ. ಲೆಕ್ಕ ಸರಿಯಾಗೇ ಇದೆ. ಆಗಿನ ಆ ಕೋಚೇ ಝೆಲೆಜ್ನಿ, ಅವನ ವಿಶ್ವದಾಖಲೆ 98.48.

ಮನೆಗೆ ಬಂದ್ಮೇಲೂ ಆ ಸಂಖ್ಯೆ ತಲೆಯಿಂದ ಇಳೀಲಿಲ್ಲ. ಕೊಡಗಿನವರಿಗೆ ದೂರ ಅಂದ್ರೆ ಹಾಕಿ ಮೈದಾನದ ಲೆಕ್ಕ. ಈ ಗೋಲಿನ ಗೆರೆಯಿಂದ ಆ ಗೋಲಿನ ಗೆರೆಗೆ 91.40 ಮೀಟರ್. ಅಂದ್ರೆ ಇಲ್ಲಿ ನಿಂತು ಎಸೆದ್ರೆ, ಮೈದಾನ ಮುಗಿದು, ಗೋಲಿಯನ್ನೂ ದಾಟಿ, ಇನ್ನೂ ಏಳು ಮೀಟರ್. ಅದಕ್ಕೇ ಈ ಟೇಪು, ಈ ಗೂಟ, ಈ ಕೆಸರು.

ಮೊದಲ ಎಂಬತ್ತು ಮೀಟರ್ ಸುಮ್ಮನೆ ನಡ್ಕೊಂಡು ಹೋಗೋಣ. ಅಲ್ಲಿ ಅವನ ಗೂಟ ಒಂದೂ ಇಲ್ಲ. ನಡೀತಾ ನಡೀತಾ ಹಿನ್ನೆಲೆ ಹೇಳಿಬಿಡ್ತೀನಿ. ಹುಟ್ಟಿದ್ದು 1966ರ ಜೂನ್ 16, ಆಗಿನ ಚೆಕೊಸ್ಲೊವಾಕಿಯಾದ ಮ್ಲಾಡಾ ಬೊಲೆಸ್ಲಾವ್‌ನಲ್ಲಿ. ಸ್ಕೋಡಾ ಕಾರಿನ ತವರು ಅದು. ಅಪ್ಪ ಅಮ್ಮ ಇಬ್ಬರೂ ಜಾವೆಲಿನ್ ಎಸೀತಿದ್ದವರೇ. ಆಳು ದೈತ್ಯನೇನಲ್ಲ, ಎತ್ತರ 1.85 ಮೀಟರ್ ಆಸುಪಾಸು, ತೂಕ ತೊಂಬತ್ತು ಕಿಲೋ ಒಳಗೇ. ಪಕ್ಕದಲ್ಲಿ ನಿಲ್ತಿದ್ದ ಫಿನ್‌ಲೆಂಡಿನ ಸೆಪ್ಪೊ ರಾಟಿ ಮರದ ದಿಮ್ಮಿ ಥರ ಇದ್ದ. ಇವನೋ, ಚಾಟಿ. ಓಡಿಬಂದ ವೇಗವನ್ನೆಲ್ಲ ಎಡಗಾಲಲ್ಲಿ ಗಕ್ಕನೆ ತಡೆದು ನಿಲ್ಲಿಸ್ತಾನೆ. ಕೆಳಗೆ ನಿಂತ ವೇಗ ಸೊಂಟಕ್ಕೆ, ಎದೆಗೆ, ಭುಜಕ್ಕೆ ಏರಿ, ಕೊನೆಗೆ ಮುಂಗೈಲಿ ಸಿಡಿಯುತ್ತೆ. 800 ಗ್ರಾಂ ಭರ್ಜಿ ಸೆಕೆಂಡಿಗೆ 30 ಮೀಟರ್ ಹತ್ತಿರದ ವೇಗದಲ್ಲಿ ಕೈ ಬಿಡುತ್ತೆ. ಹೊಳೇಲಿ ಬಟ್ಟೆ ಒಗೆಯೋವಾಗ ಬಂಡೆಗೆ ಬಡಿತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ತೋಳಿನ ಬಲಕ್ಕಿಂತ ಬೀಸಿನ ಲಯ ಮುಖ್ಯ.

ಬಂತು. ಇಲ್ಲಿ ಮೊದಲ ಗೂಟ, 84.12.

1988, ಸೋಲ್ ಒಲಿಂಪಿಕ್ಸ್. ಇವನಿಗೆ 22 ವರ್ಷ. ಹಿಂದಿನ ವರ್ಷ ಮೇ ತಿಂಗಳಲ್ಲಿ ನಿತ್ರಾ ಅನ್ನೋ ಊರಲ್ಲಿ 87.66 ಎಸೆದು ವಿಶ್ವದಾಖಲೆ ಮಾಡಿದ್ದ. ಸೋಲ್‌ನ ಅರ್ಹತಾ ಸುತ್ತಲ್ಲೂ 85.90 ಎಸೆದ. ಅಂದ್ರೆ ಚಿನ್ನ ಜೇಬಲ್ಲೇ ಇತ್ತು. ಫೈನಲ್‌ನಲ್ಲಿ 84.12. ಫಿನ್‌ಲೆಂಡಿನ ಟಾಪಿಯೊ ಕೊರ್ಯುಸ್ ತನ್ನ ಕಟ್ಟಕಡೆಯ ಎಸೆತದಲ್ಲಿ 84.28 ಎಸೆದುಬಿಟ್ಟ.

ಎರಡೂ ಗೂಟ ಹೊಡೆದು ನೋಡಿ. ನಡುವೆ 16 ಸೆಂಟಿಮೀಟರ್. ಹೆಬ್ಬೆರಳು ತೋರುಬೆರಳು ಅಗಲಿಸಿದ್ರೆ ಒಂದು ಚೋಟು, ಅಷ್ಟೇ. ಚೋಟುದ್ದ ಅಂತ ನಾವು ಸಣ್ಣದಕ್ಕೆ ಹೇಳ್ತೀವಿ. ಅಕ್ಕನ ಮಗ ಬಗ್ಗಿ ಕೈಯಿಟ್ಟು ಅಳೆದು, ‘ಇಷ್ಟಕ್ಕಾ ಬೆಳ್ಳಿ?’ ಅಂದ. ಹೂಂ ಕಣೋ, ಇಷ್ಟಕ್ಕೇ. ಅರ್ಹತಾ ಸುತ್ತಿನ 85.90ಕ್ಕೂ ಒಂದು ಗೂಟ ಹೊಡೆಸಿದೆ. ಚಿನ್ನದ ಗೂಟಕ್ಕಿಂತ ಮುಂದೆ, ಯಾವ ಪದಕವೂ ಇಲ್ಲದೆ ನಿಂತಿರೋ ಗೂಟ ಅದು. ಈ ಗೂಟ ನೆನಪಿರಲಿ.

ಇಲ್ಲಿ 86.18, ಕಂಠೀರವದ್ದು. ಇದು ನನ್ನ ಖುಷಿಗೆ. ಮುಂದೆ 87.66, ನಿತ್ರಾದ್ದು.

ಈಗ ಒಂದ್ನಿಮಿಷ ನಿಲ್ಲೋಣ, ಯಾಕಂದ್ರೆ ಮುಂದಿನ ಗೂಟದ್ದು ಸ್ವಲ್ಪ ತಕರಾರಿನ ಕಥೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದ. ಹೀಗೇ ಬಿಟ್ಟರೆ ಸ್ಟೇಡಿಯಂ ಸಾಲಲ್ಲ ಅಂತ ಅಥ್ಲೆಟಿಕ್ಸ್‌ನವರಿಗೆ ದಿಗಿಲಾಯ್ತು. ಸಾಲದ್ದಕ್ಕೆ ಆಗಿನ ಭರ್ಜಿ ತೇಲಿ ತೇಲಿ ಚಪ್ಪಟೆಯಾಗಿ ಬೀಳ್ತಿತ್ತು, ಮೂತಿ ಮೊದಲು ತಾಗಿತೋ ಬಾಲ ತಾಗಿತೋ ಅಂತ ದಿನಾ ಜಗಳ. 1986ರಲ್ಲಿ ಗಂಡಸರ ಜಾವೆಲಿನ್‌ನ ಗುರುತ್ವಕೇಂದ್ರವನ್ನ 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದ್ರು. ಎರಡು ಬೆರಳಗಲ! ಅಷ್ಟಕ್ಕೇ ಭರ್ಜಿ ಬೇಗ ಮೂಗು ಬಗ್ಗಿಸಿ ನೆಲಕ್ಕೆ ಚುಚ್ಚೋಕೆ ಶುರು ಮಾಡ್ತು. ದಾಖಲೆಗಳೆಲ್ಲ ಮತ್ತೆ ಸೊನ್ನೆಯಿಂದ.

ನಿಯಮ ಬಂದ ಮೇಲೆ ಅದರ ಸಂದು ಹುಡುಕೋರು ಬರ್ತಾರಲ್ಲ. ಹಂಗೇರಿಯ ಮಿಕ್ಲೋಷ್ ನೇಮೆತ್, 1976ರ ಒಲಿಂಪಿಕ್ ಚಾಂಪಿಯನ್, ಬಾಲದ ಕಡೆ ತರಿತರಿಯಾಗಿರೋ ಭರ್ಜಿ ಮಾಡಿದ. ನಯವಾದ ಬಾಲಕ್ಕಿಂತ ಇದು ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ತಿತ್ತು. 1990ರ ಜುಲೈ ಹದಿನಾಲ್ಕಕ್ಕೆ ಓಸ್ಲೋದಲ್ಲಿ ಝೆಲೆಜ್ನಿ ಅದನ್ನೇ ಎಸೆದು 89.66 ಮಾಡಿದ. ವಿಶ್ವದಾಖಲೆ. ಆರೇ ದಿನಕ್ಕೆ ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿ 90.98 ಅಂದ. ಮರುವರ್ಷ ರಾಟಿ 96.96ಕ್ಕೆ ಹೋದ. 1991ರಲ್ಲಿ ಮೇಲಿನವರು ಎದ್ದು, ಈ ತರಿ ಬಾಲ ನಡೆಯಲ್ಲ ಅಂತ ನಿಷೇಧ ಹಾಕಿ, ಅದರಲ್ಲಿ ಆದ ವಿಶ್ವದಾಖಲೆಗಳನ್ನೂ ಅಳಿಸಿಬಿಟ್ರು. ಎಸೆದಾಗ ತಪ್ಪಲ್ಲದ್ದು ಆಮೇಲೆ ತಪ್ಪಾಯ್ತು. ಈ ವಿಷಯದಲ್ಲಿ ನಾನು ಎಸೆದವರ ಪಕ್ಷ, ಅದನ್ನ ಮುಚ್ಚಿಡಲ್ಲ.

ಅಂತೂ ಓಸ್ಲೋದ 89.66 ಪುಸ್ತಕದಿಂದ ಹೋಯ್ತು. ಅದಕ್ಕೆ ಗೂಟ ಹೊಡೀಬೇಕೋ ಬೇಡ್ವೋ?

ಹೊಡೀತೀನಿ. ಯಾಕಂದ್ರೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಫೈನಲ್‌ನಲ್ಲಿ, ನಯವಾದ ಬಾಲದ ಭರ್ಜಿ ಹಿಡಿದು, ಮೊಟ್ಟಮೊದಲ ಎಸೆತದಲ್ಲೇ ಝೆಲೆಜ್ನಿ ಎಸೆದದ್ದು ಎಷ್ಟು ಗೊತ್ತಾ? 89.66. ಒಂದು ಸೆಂಟಿಮೀಟರ್ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಚಿನ್ನ ಅಲ್ಲೇ ಮುಗೀತು. ರಾಟಿ ಎರಡನೆಯವ, ಮೂರು ಮೀಟರ್ ಹಿಂದೆ. ಬ್ಯಾಕ್ಲಿ ಮೂರನೆಯವ. ಇದನ್ನ ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅಂದ್ಕೊಂಡಿದ್ದೆ.

ಒಂದು ತರಲೆ ಮಾತು. ಹುಟ್ಟಿದ್ದು 66ರಲ್ಲಿ. 87.66, 89.66, ಮತ್ತೆ 89.66, ಮುಂದೆ 95.66ನೂ ಬರುತ್ತೆ. ಜ್ಯೋತಿಷ್ಯ ಹೇಳೋರ ಕೈಗೆ ಈ ವಿಡಿಯೋ ಸಿಗದಿರಲಿ.

ಮುಂದಿನ ಗೂಟ ಅರ್ಧ ಮೀಟರ್ ಆಚೆಗೇ, 90.17. ಸಿಡ್ನಿ, 2000. ನಡುವೆ 1996ರ ಅಟ್ಲಾಂಟಾ ಚಿನ್ನ ಇದೆ, 88.16. ಅಲ್ಲಿ ಬ್ಯಾಕ್ಲಿ ಬೆಳ್ಳಿ. ಆ ಒಲಿಂಪಿಕ್ಸ್ ಮುಗಿದ ಮೇಲೆ ಅಟ್ಲಾಂಟಾ ಬ್ರೇವ್ಸ್ ಬೇಸ್‌ಬಾಲ್ ತಂಡ ಇವನ ತೋಳನ್ನ ಪರೀಕ್ಷೆ ಮಾಡಿ ನೋಡಿತ್ತಂತೆ, ನಮ್ಮವನಾಗ್ತಾನಾ ಅಂತ. ಆಗಲಿಲ್ಲ. 1998ರಲ್ಲಿ ಭುಜ ಕೈಕೊಡ್ತು. ಎಸೆಯೋನಿಗೆ ಭುಜ ಹೋಗೋದು ಅಂದ್ರೆ ಹಾಡೋನಿಗೆ ಗಂಟಲು ಹೋದ ಹಾಗೆ. ಸಿಡ್ನಿಗೆ ಬರೋವಾಗ ವಯಸ್ಸು 34.

ಸಿಡ್ನಿ ಫೈನಲ್‌ನ ಎರಡನೇ ಸುತ್ತು. ಬ್ಯಾಕ್ಲಿ 89.85 ಎಸೆದ. ಅಂದ್ರೆ ಒಲಿಂಪಿಕ್ ದಾಖಲೆ ಮುರೀತು. ಮುರಿದದ್ದು ಯಾವ ದಾಖಲೆ? ಬಾರ್ಸಿಲೋನಾದ ಅದೇ 89.66. ಎಂಟು ವರ್ಷದಿಂದ ಇವನ ಬೆನ್ನಿಗೇ ಓಡಿದ್ದ ಮನುಷ್ಯ, ಕಂಚು ಆಯ್ತು, ಬೆಳ್ಳಿ ಆಯ್ತು, ಈಗ ಕೊನೆಗೂ ಚಿನ್ನ ಕೈಗೆಟುಕೋ ಹಾಗಿದೆ. ನಾನು ಆ ಹಳೇ ದೃಶ್ಯ ನೋಡೋವಾಗ, ಫಲಿತಾಂಶ ಗೊತ್ತಿದ್ದೂ, ಬ್ಯಾಕ್ಲಿ ಗೆಲ್ಲಲಿ ಅಂತ ಅನ್ಸುತ್ತೆ. ಮೂರನೇ ಸುತ್ತು. ಝೆಲೆಜ್ನಿ ಓಡಿಬಂದ, ಬೀಸಿದ. 90.17. ಮೂರನೇ ಚಿನ್ನ, ಸತತ ಮೂರು ಒಲಿಂಪಿಕ್ಸ್. ಗಂಡಸರ ಜಾವೆಲಿನ್‌ನಲ್ಲಿ ಇದನ್ನ ಬೇರೆ ಯಾರೂ ಮಾಡಿಲ್ಲ. ಬ್ಯಾಕ್ಲಿಗೆ ಮತ್ತೆ ಬೆಳ್ಳಿ.

ಈ ಗೂಟಕ್ಕೆ ತಾಗಿಕೊಂಡ ಹಾಗೆ ಇನ್ನೊಂದು ಹೊಡೆಯೋ, 90.23. ನೀರಜ್, ದೋಹಾ, 2025ರ ಮೇ. ಅವನು 90 ದಾಟಿದ್ದು ಅದೇ ಮೊದಲು. ಝೆಲೆಜ್ನಿ ಕೋಚ್ ಆಗ್ತಾನೆ ಅಂತ ಘೋಷಣೆ ಬಂದದ್ದು 2024ರ ನವೆಂಬರ್‌ನಲ್ಲಿ. ಆರು ತಿಂಗಳಲ್ಲಿ ಶಿಷ್ಯ ಗುರುವಿನ ಸಿಡ್ನಿ ಗೂಟವನ್ನ ಆರು ಸೆಂಟಿಮೀಟರ್ ದಾಟಿದ.

ಸರಿ, ಮೈದಾನ ಮುಗೀತು. ಇದು ಗೋಲಿನ ಗೆರೆ, 91.40. ಬೋರ್ಡು ಸುತ್ತಿ ಹಿಂದಕ್ಕೆ ಬಂದಿದ್ದೀವಿ. ಗೆರೆಯಿಂದ ಆಚೆ ಒಂದೂವರೆ ಹೆಜ್ಜೆಗೆ 92.80. ಎಡ್ಮಂಟನ್, 2001, ಮೂರನೇ ವಿಶ್ವ ಚಾಂಪಿಯನ್ ಪಟ್ಟ. ಮೊದಲೆರಡು 1993 ಮತ್ತು 95ರಲ್ಲಿ. ವಯಸ್ಸು 35, ರಿಪೇರಿ ಆದ ಭುಜ, ಇನ್ನೂ 92.80! ಪ್ಯಾರಿಸ್‌ನಲ್ಲಿ ಅರ್ಷದ್ ನದೀಮ್ ಎಸೆದು ನಮ್ಮನ್ನೆಲ್ಲ ಬಾಯಿಬಿಡಿಸಿದ್ನಲ್ಲ, ಆ 92.97 ಇಲ್ಲಿಂದ ಒಂದು ಚೋಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಅದೇ ಪ್ಯಾರಿಸ್‌ನಲ್ಲಿ ನಾಲ್ಕನೆಯವನಾಗಿ ಬಂದ ಯಾಕುಬ್ ವಾಡ್ಲೆಚ್ ಕೂಡ ಝೆಲೆಜ್ನಿ ಕೈಯಲ್ಲಿ ಪಳಗಿದವನೇ. 88.50 ಎಸೆದ, ಕಂಚಿನ ಗೆರೆ 88.54. ಮತ್ತೆ ಎರಡು ಬೆರಳಗಲ. ಟೋಕಿಯೊದಲ್ಲಿ ನೀರಜ್ ಚಿನ್ನ ಗೆದ್ದಾಗ ಅಕ್ಕಪಕ್ಕ ನಿಂತಿದ್ದ ಇಬ್ಬರು ಚೆಕ್ ಹುಡುಗರು ನೆನಪಿದ್ದಾರಾ, ವಾಡ್ಲೆಚ್ ಮತ್ತು ವೆಸೆಲಿ? ಇಬ್ಬರೂ ಇವನ ಶಿಷ್ಯರು. ಹೆಂಗಸರ ವಿಶ್ವದಾಖಲೆ 72.28 ಇಟ್ಟುಕೊಂಡಿರೋ ಬಾರ್ಬೊರಾ ಶ್ಪೊಟಾಕೋವಾ ಕೂಡ ಇವನ ಹತ್ತಿರ ಕಲಿತವಳೇ.

95.66 ನೇರವಾಗಿ ಚರಂಡಿಯೊಳಗೆ ಬಂತು, ಕ್ಷಮಿಸಿ. ಷೆಫೀಲ್ಡ್, 1993ರ ಆಗಸ್ಟ್. ಅದೇ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್ಸ್‌ಬರ್ಗ್‌ನಲ್ಲಿ 95.54 ಎಸೆದಿದ್ದ. ಅದಕ್ಕೂ ಮುಂಚೆ ದಾಖಲೆ ಬ್ಯಾಕ್ಲಿಯದ್ದು, 91.46. ಅಂದ್ರೆ ಗೋಲಿನ ಗೆರೆಯ ಮೇಲೆ ನಿಂತಿದ್ದ ದಾಖಲೆಯನ್ನ ಒಂದೇ ಎಸೆತಕ್ಕೆ ತಂದು ಚರಂಡಿ ಹತ್ತಿರ ಹಾಕಿದ.

ಚರಂಡಿ ದಾಟಿದ್ರೆ ಧರೆ. ಇಳಿಜಾರಲ್ಲಿ ಟೇಪು ಮಲಗಿಸಿದ್ರೆ ಅಳತೆ ಸುಳ್ಳಾಗುತ್ತೆ ಅಂತ, ಇವನು ಒಂದು ಕೋಲು ನೆಟ್ಟು ಟೇಪನ್ನ ಮಟ್ಟವಾಗಿ ಹಿಡಿದಿದ್ದಾನೆ ನೋಡಿ. ಹುಡುಗ ಉದ್ಧಾರ ಆಗ್ತಾನೆ. 97.76, ಜರ್ಮನಿಯ ಯೊಹಾನೆಸ್ ವೆಟರ್, 2020ರ ಸೆಪ್ಟೆಂಬರ್, ಪೋಲೆಂಡಿನ ಹೊಶೂಫ್. ಇಷ್ಟು ವರ್ಷದಲ್ಲಿ ಅತ್ಯಂತ ಹತ್ತಿರ ಬಂದೋನು ಇವನೇ. ಇನ್ನೂ 72 ಸೆಂಟಿಮೀಟರ್ ಉಳಿದಿತ್ತು.

ಮತ್ತೆ ಇಗೋ, ಕಾಫಿ ತೋಟದ ಬೇಲಿ ಬುಡದಲ್ಲಿ, 98.48. ಯೇನಾ, ಜರ್ಮನಿ, 1996ರ ಮೇ 25. ಇಲ್ಲಿಂದ ತಿರುಗಿ ನಾವು ಹೊರಟ ಗೋಲ್ ಪೋಸ್ಟ್ ನೋಡಿ. ಕ್ಯಾಮೆರಾನ ಜೂಮ್ ಮಾಡಿಲ್ಲ. ಅಷ್ಟೇ ಕಾಣೋದು.

ಇಷ್ಟಕ್ಕೆ ವಿಡಿಯೋ ಮುಗಿಸೋಣ ಅಂತಿದ್ದೆ. ಅಕ್ಕನ ಮಗ ಕಟ್ಟು ತೋರಿಸಿ, ‘ಮಾಮ, ಒಂದು ಗೂಟ ಉಳೀತಲ್ಲ’ ಅಂದ.

ಹೌದು, ಒಂದು ಮರೆತಿದ್ದೆ. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಒಂಬತ್ತನೆಯವನಾಗಿ ಬಂದ. ಎಲ್ಲರೂ ಮುಗೀತು ಅಂದ್ರು. ಎರಡು ವರ್ಷ ಬಿಟ್ಟು, 2006ರಲ್ಲಿ ಗೊಥೆನ್‌ಬರ್ಗ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಬಂದ, ನಲವತ್ತನೇ ವಯಸ್ಸಲ್ಲಿ. ಕಂಚು ಗೆದ್ದ. ಅದೇ ಸೆಪ್ಟೆಂಬರ್‌ನಲ್ಲಿ ಹುಟ್ಟೂರಲ್ಲೇ ವಿದಾಯ ಹೇಳಿದ. ಆ ಕಂಚಿನ ಎಸೆತ 85.92.

ಧರೆ ಇಳಿದು, ಚರಂಡಿ ಹಾರಿ, ಗೋಲಿನ ಬೋರ್ಡು ಸುತ್ತಿ, ಹನ್ನೆರಡೂವರೆ ಮೀಟರ್ ವಾಪಸ್ ಬಂದ್ವಿ. ಹನಿ ಶುರುವಾಗಿದೆ, ಲೆನ್ಸ್ ಮೇಲೂ ಬಿದ್ದಿದೆ, ಒರೆಸಿಲ್ಲ. ಟೇಪು ಹಿಡಿದು ನೋಡಿದ್ರೆ ಗೂಟ ಹೊಡೆಯೋಕೆ ಜಾಗವೇ ಇಲ್ಲ. ಅಲ್ಲಿ ಆಗಲೇ ಒಂದು ನಿಂತಿದೆ. ಸೋಲ್‌ನಲ್ಲಿ 22ರ ಹುಡುಗ ಎಸೆದಿದ್ದ, ಪದಕವಿಲ್ಲದ ಆ 85.90. ನಮ್ಮ ಬಿದಿರಿನ ಗೂಟ ಆ ಎರಡು ಸೆಂಟಿಮೀಟರ್‌ಗಿಂತ ದಪ್ಪ.

ಇವನು ಸುತ್ತಿಗೆ ಹಿಡ್ಕೊಂಡು ನನ್ನ ಮುಖ ನೋಡ್ತಾ, ‘ಏನ್ ಮಾಡೋದೀಗ?’ ಅಂದ. ಹಳೇದಕ್ಕೇ ಮೇಲಿಂದ ಇನ್ನೊಂದು ಏಟು ಹಾಕು ಅಂದೆ.