ಅಮ್ಮನ ಬೆನ್ನಿಗೆ ವ್ಯಾಯಾಮ ಶುರುವಾಯ್ತು

ಅಮ್ಮ ಪಾತ್ರೆ ತೊಳೆಯುತ್ತಿದ್ದಾರೆ. ಅವರ ಎಡಗೈ ನೋಡಿ. ಮೊಣಕೈಯನ್ನು ಸಿಂಕಿನ ಅಂಚಿಗೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಿದ್ದಾರೆ. ಕೆಲಸ ಮಾಡುತ್ತಿರುವುದು ಬಲಗೈ ಒಂದೇ. ಕೇಳಿದರೆ "ಸುಮ್ನೆ, ಅಭ್ಯಾಸ" ಅಂತಾರೆ. ಫಿಸಿಯೋ ಈ ವಿಡಿಯೊದಲ್ಲಿ ಮೊದಲು ಗಮನಿಸಿದ್ದು ಅದನ್ನೇ. ಬೆನ್ನಿಗೆ ಸುಸ್ತಾದಾಗ ಕೈಯೇ ಊರುಗೋಲು.

ಬೆನ್ನು ಅಂದ ತಕ್ಷಣ ನಾವು ಮೂಳೆ, ಡಿಸ್ಕ್ ಅಂತ ಶುರು ಮಾಡುತ್ತೇವೆ. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಉದ್ದಕ್ಕೂ ಮಾಂಸಖಂಡಗಳಿವೆ. ನಮ್ಮನ್ನು ನೆಟ್ಟಗೆ ನಿಲ್ಲಿಸುವುದು ಅವು, ಆದರೆ ಅವುಗಳ ಮಾತು ಯಾರೂ ಎತ್ತುವುದಿಲ್ಲ. ವಯಸ್ಸಾದಂತೆ ಅವು ಸಣ್ಣಗಾಗುತ್ತವೆ, ಎಳೆಗಳ ನಡುವೆ ಕೊಬ್ಬು ಸೇರಿಕೊಳ್ಳುತ್ತದೆ. ಅವುಗಳನ್ನು ಕೆಲಸಕ್ಕೆ ಹಚ್ಚುವ ನರಕೋಶಗಳೂ ಕಡಿಮೆಯಾಗುತ್ತವೆ. ಹಾಗಾಗಿ ಗಾತ್ರಕ್ಕಿಂತ ಬೇಗ ಶಕ್ತಿ ಇಳಿಯುತ್ತದೆ. ನೋಡಲು ಮೈಕೈ ತುಂಬಿಕೊಂಡೇ ಇರುತ್ತಾರೆ, ಕುರ್ಚಿಯಿಂದ ಏಳಬೇಕಾದರೆ ಮಾತ್ರ ತೊಡೆಗೆ ಕೈ ಊರಬೇಕು. ವಯಸ್ಸಾದಂತೆ ಹೀಗೆ ಮಾಂಸಖಂಡ ಸೊರಗುವುದಕ್ಕೆ ಸಾರ್ಕೊಪೀನಿಯಾ ಅಂತ ಹೆಸರಿಟ್ಟದ್ದೇ 1989ರಲ್ಲಿ.

"ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುವುದು ಅಮ್ಮನ ವಾದ. ವಾಕಿಂಗ್ ಹೃದಯಕ್ಕೆ ಒಳ್ಳೆಯದೇ, ಬಿಡಬೇಡಿ. ಆದರೆ ಬೆನ್ನು ಬಲವಾಗಬೇಕಾದರೆ ಅದಕ್ಕೆ ಭಾರ ಬೀಳಬೇಕು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಅಧ್ಯಯನ ಇದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಡಾ. ಮೆಹರ್‌ಶೀದ್ ಸಿನಾಕಿ ಅವರ ತಂಡ 2002ರಲ್ಲಿ ಪ್ರಕಟಿಸಿದ್ದು. ಮುಟ್ಟು ನಿಂತ 50 ಹೆಂಗಸರಲ್ಲಿ 27 ಮಂದಿ ಎರಡು ವರ್ಷ ಬೋರಲು ಮಲಗಿ, ಬೆನ್ನಿಗೆ ತೂಕದ ಚೀಲ ಹಾಕಿಕೊಂಡು ಎದೆ ಎತ್ತುವ ವ್ಯಾಯಾಮ ಮಾಡಿದರು. ಆಮೇಲೆ ಆ ಕಾರ್ಯಕ್ರಮ ಮುಗಿಯಿತು. ಎಂಟು ವರ್ಷ ಕಳೆದು ನೋಡಿದರೆ, ಮಾಡದವರಿಗಿಂತ ಇವರ ಬೆನ್ನಿಗೆ ಇನ್ನೂ ಜಾಸ್ತಿ ಶಕ್ತಿ ಇತ್ತು! ಪರೀಕ್ಷಿಸಿದ ಬೆನ್ನುಮೂಳೆಯ ಬಿಡಿ ಎಲುಬುಗಳಲ್ಲಿ ಕುಸಿದದ್ದು ಇವರಲ್ಲಿ 1.6%, ಮಾಡದವರಲ್ಲಿ 4.3%. ಸಣ್ಣ ಗುಂಪು, ನಿಜ. ಆದರೂ ಎಂಟು ವರ್ಷ ಅಂದ್ರೆ ಸುಮ್ನೆ ಅಲ್ಲ ಅಲ್ವಾ?

ಈಗ ಹಾಸಿಗೆ ಮೇಲಿನ ಶಾಟ್. ಅಮ್ಮನ ಹೊಟ್ಟೆಯ ಕೆಳಗೆ ತೆಳು ದಿಂಬು, ಕೈಗಳು ಪಕ್ಕಕ್ಕೆ. ಎದೆ ಏಳುವುದು ಅಂಗೈ ದಪ್ಪದಷ್ಟು ಮಾತ್ರ. ಕಣ್ಣು ಕೆಳಗೆ ಹಾಸಿಗೆಯ ಕಡೆಗೇ ಇರಬೇಕು, ತಲೆ ಎತ್ತಿದರೆ ಕುತ್ತಿಗೆ ನೋಯುತ್ತದೆ. ಕೊನೆಕೊನೆಗೆ ಸೊಂಟದ ಮೇಲ್ಭಾಗ ಸಣ್ಣಗೆ ನಡುಗುವುದು ಕಾಣುತ್ತಿದೆ ನೋಡಿ. ಬೋರಲು ಮಲಗಲು ಆಗದವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಭುಜದ ಹಲಗೆಗಳನ್ನು ಹಿಂದಕ್ಕೆ ಎಳೆದು ಹಿಡಿಯಬಹುದು.

ಮೂಳೆ ಟೊಳ್ಳಾದವರು (ಆಸ್ಟಿಯೊಪೊರೋಸಿಸ್ ಇರುವವರು) ಮಾತ್ರ ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಸಿಟ್-ಅಪ್, ಇವಕ್ಕೆಲ್ಲ ಕೈ ಹಾಕಬೇಡಿ. ಬೆನ್ನೆಲುಬು ಕುಸಿಯುವ ಅಪಾಯ ಇದೆ.

ಊಟದಲ್ಲಿ ಪ್ರೊಟೀನೂ ಬೇಕು. ಹಿರಿಯರಿಗೆ ಮೈತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಅಂತಾರೆ ತಜ್ಞರು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಜಾಸ್ತಿ ಮಾಡಿ.

ತೂಕದ ಚೀಲ ಯಾವಾಗ ಅಂತ ಈಗ ಅಮ್ಮನೇ ಕೇಳುತ್ತಿದ್ದಾರೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ ಫಿಸಿಯೋ.