ಹೆಬ್ಬಾಗಿಲಿನ ತಪಾಸಣೆ: ಮನರಂಜನಾ ಉದ್ಯಾನಗಳು ಮತ್ತು ಆಯುಧದ ಆತಂಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಭದ್ರತಾ ಕೆಲಸದ ತರಬೇತಿ ಪಡೆಯುತ್ತಿರುವ ತರುಣ ತರುಣಿಯರೇ,

2013ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಉದ್ಯಾನದಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ‘ಡೈನೋಸಾರ್’ ಎಂಬ ಆಟದ ಬಂಡಿ ಹತ್ತಿದರು. ಕೂರಬೇಕಾದ ಸೀಟಿನಲ್ಲಿ ಅವರಿಗೆ ಕಂಡದ್ದು ಗುಂಡು ತುಂಬಿದ ಒಂದು ಪಿಸ್ತೂಲು. ಅವರು ಅದನ್ನು ಸಿಬ್ಬಂದಿಯ ಕೈಗೆ ಒಪ್ಪಿಸಿದರು. ಅದರ ಒಡೆಯ ಕಳ್ಳನಲ್ಲ, ದರೋಡೆಕೋರನೂ ಅಲ್ಲ. ಆಯುಧ ಇಟ್ಟುಕೊಳ್ಳಲು ಪರವಾನಗಿ ಪಡೆದಿದ್ದ ಒಬ್ಬ ಪ್ರವಾಸಿ. ಬಂಡಿಯ ಕುಲುಕಾಟಕ್ಕೆ ಅದು ಜಾರಿ ಬಿದ್ದಿತ್ತು. ಉದ್ಯಾನದೊಳಗೆ ಆಯುಧ ತರಬಾರದೆಂಬ ನಿಯಮ ತನಗೆ ಗೊತ್ತಿರಲಿಲ್ಲವೆಂದು ಆತ ಹೇಳಿದ. ಆ ಸೀಟಿಗೆ ಮೊದಲು ಒಂದು ಮಗು ಕೈಹಾಕಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಈ ಘಟನೆಯನ್ನು ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ.

ಆತ ಒಳಗೆ ಹೋದದ್ದು ಹೇಗೆ? ಹೆಬ್ಬಾಗಿಲಲ್ಲಿ ತಪಾಸಣೆ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿ ಚೀಲಗಳನ್ನು ತೆರೆದು ನೋಡುವ ಪದ್ಧತಿ ಬಂದಿತ್ತು. ಆದರೆ ನೋಡುತ್ತಿದ್ದುದು ಚೀಲವನ್ನು ಮಾತ್ರ, ಜೇಬನ್ನಲ್ಲ, ಸೊಂಟವನ್ನಲ್ಲ. ಚೀಲವಿಲ್ಲದವನು ನೇರವಾಗಿ ನಡೆದುಹೋಗಬಹುದಿತ್ತು.

ಇಲ್ಲಿ ಆ ರಾಜ್ಯದ ಕಾನೂನನ್ನು ಸ್ವಲ್ಪ ತಿಳಿಯಬೇಕು. ಫ್ಲಾರಿಡಾದಲ್ಲಿ ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಹಿಂದೆ ಪರವಾನಗಿ ಬೇಕಿತ್ತು. 2023ರ ಜುಲೈ 1ರಿಂದ ಅರ್ಹ ವಯಸ್ಕರಿಗೆ ಅದೂ ಬೇಕಿಲ್ಲ. ಹಾಗಿದ್ದರೂ ಖಾಸಗಿ ಜಾಗದ ಮಾಲೀಕರು ತಮ್ಮ ಬಾಗಿಲಲ್ಲಿ ಆಯುಧವನ್ನು ತಡೆಯಬಹುದು, ಡಿಸ್ನಿ ತಡೆಯುತ್ತದೆ. 2008ರಲ್ಲಿ ಅಲ್ಲಿಯ ಶಾಸನಸಭೆ, ಪರವಾನಗಿ ಇರುವ ನೌಕರರು ಕೆಲಸದ ಜಾಗದ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಬೀಗ ಹಾಕಿ ಬಂದೂಕು ಇಡಬಹುದೆಂಬ ಕಾನೂನು ಮಾಡಿತು. ಆಗ ಡಿಸ್ನಿ, ಬಾಣಬಿರುಸುಗಳಿಗಾಗಿ ಸ್ಫೋಟಕಗಳ ಪರವಾನಗಿ ಹೊಂದಿರುವ ಜಾಗ ತಮ್ಮದಾದ್ದರಿಂದ ಆ ಕಾನೂನಿನ ವಿನಾಯಿತಿ ತಮಗೆ ಅನ್ವಯಿಸುತ್ತದೆಂದು ವಾದಿಸಿತು. ಆಯುಧ ಹೊಂದುವ ಹಕ್ಕು ಬೇರೆ, ಅದನ್ನು ಎಲ್ಲಿಗೆ ಒಯ್ಯಬಹುದೆಂಬುದು ಬೇರೆ. ಎರಡರ ನಡುವೆ ಗೆರೆ ಎಳೆಯುವ ಕೆಲಸ ಕೊನೆಗೆ ಬಾಗಿಲಲ್ಲಿ ನಿಂತವರ ಪಾಲಿಗೆ ಬರುತ್ತದೆ. ಈ ವ್ಯತ್ಯಾಸ ನಮ್ಮ ಕೊಡಗಿನವರಿಗೆ ಚೆನ್ನಾಗಿ ಗೊತ್ತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯವರು ಅದನ್ನು ಹೆಗಲಿಗೇರಿಸಿ ಮಕ್ಕಳ ಆಟದ ಜಾಗಕ್ಕೆ ಹೋಗುವುದಿಲ್ಲ. ಆಯುಧಕ್ಕೆ ಗೌರವ ಕೊಡುವವರೇ ಅದರ ಜಾಗವನ್ನೂ ಅರಿತಿರುತ್ತಾರೆ.

2015ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿಯೂ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿಯೂ ದಾಳಿಗಳಾದವು. ಅದೇ ಡಿಸೆಂಬರ್‌ನಲ್ಲಿ ಡಿಸ್ನಿ, ಯೂನಿವರ್ಸಲ್ ಮತ್ತು ಸೀವರ್ಲ್ಡ್ ಮೂರೂ ಒರ್ಲ್ಯಾಂಡೋದ ತಮ್ಮ ಉದ್ಯಾನಗಳ ಬಾಗಿಲಿಗೆ ಲೋಹಶೋಧಕಗಳನ್ನು ತಂದವು. ಡಿಸ್ನಿ ಆಟಿಕೆ ಬಂದೂಕುಗಳ ಮಾರಾಟವನ್ನು ನಿಲ್ಲಿಸಿತು. ದೊಡ್ಡವರು ವೇಷಭೂಷಣ ತೊಟ್ಟು ಬರುವುದನ್ನೂ ನಿರ್ಬಂಧಿಸಿತು. ಆಟಿಕೆಯನ್ನೇಕೆ ತಡೆದರೆಂದು ಆಗ ಹಲವರು ಬೇಸರಪಟ್ಟರು. ಆದರೆ ಜನಜಂಗುಳಿಯ ನಡುವೆ ಹತ್ತು ಮಾರು ದೂರದಿಂದ ಪ್ಲಾಸ್ಟಿಕ್ಕಿನ ಬಂದೂಕಿಗೂ ನಿಜವಾದದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ತಪ್ಪಾಗಿ ಕಂಡರೆ ಕಾಲ್ತುಳಿತಕ್ಕೆ ಅಷ್ಟೇ ಸಾಕು. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ.

ಈಗ ಯಂತ್ರದ ವಿಷಯ. ಬಾಗಿಲಿನ ಆಕಾರದ ಹಳೆಯ ಲೋಹಶೋಧಕದ ಕಂಬಗಳೊಳಗೆ ತಂತಿಯ ಸುರುಳಿಗಳಿರುತ್ತವೆ. ಅವು ಕ್ಷಣಕ್ಷಣಕ್ಕೂ ವಿದ್ಯುತ್ತಿನ ಮಿಡಿತ ಹರಿಸಿ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಆ ಕ್ಷೇತ್ರದಲ್ಲಿ ಲೋಹ ಹಾದುಹೋದಾಗ ಅದರಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ತು ಹುಟ್ಟುತ್ತದೆ, ಅದು ತನ್ನದೇ ಸಣ್ಣ ಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ, ಸುರುಳಿ ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. ಅಂದರೆ ಯಂತ್ರಕ್ಕೆ ತಿಳಿಯುವುದು ಲೋಹ ಮಾತ್ರ, ಆಯುಧವಲ್ಲ. ಬೀಗದ ಕೈ, ಬೆಲ್ಟಿನ ಬಕ್ಕಲ್, ಮೊಣಕಾಲಿಗೆ ಹಾಕಿಸಿಕೊಂಡ ಸ್ಟೀಲ್ ಎಲ್ಲಕ್ಕೂ ಅದು ಕೂಗುತ್ತದೆ. ಸೂಕ್ಷ್ಮತೆಯನ್ನು ತಗ್ಗಿಸಿದರೆ ಚಾಕು ತಪ್ಪಿಸಿಕೊಳ್ಳುತ್ತದೆ, ಹೆಚ್ಚಿಸಿದರೆ ಸಾಲು ನಿಂತಲ್ಲೇ ನಿಲ್ಲುತ್ತದೆ.

ಈ ತೊಡಕನ್ನು ಬಿಡಿಸುತ್ತೇವೆಂದು ಬಂದದ್ದು ಕೃತಕ ಬುದ್ಧಿಮತ್ತೆಯ ಯಂತ್ರಗಳು. ಇವಾಲ್ವ್ ಎಂಬ ಕಂಪನಿಯ ಇಂಥ ಯಂತ್ರಗಳನ್ನು ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನಗಳು ಹಾಕಿಸಿಕೊಂಡವು. ಜೇಬು ಖಾಲಿ ಮಾಡದೆ, ನಿಲ್ಲದೆ, ಚೀಲದೊಂದಿಗೇ ನಡೆದುಹೋಗಬಹುದೆಂಬುದು ಇವುಗಳ ಆಕರ್ಷಣೆ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಇಂಥ ಒಂದು ಬಾಗಿಲನ್ನು ನಾವೂ ದಾಟಿದೆವು. ನನ್ನ ಹೆಂಡತಿಯ ಚೀಲದಲ್ಲಿ ಮಡಿಸುವ ಛತ್ರಿ ಮತ್ತು ಸ್ಟೀಲಿನ ನೀರಿನ ಬಾಟಲಿ ಇದ್ದವು. ಕಾವಲಿನ ಹೆಣ್ಣುಮಗಳು ಎರಡನ್ನೂ ಹೊರಗೆ ತೆಗೆಸಿ, ಒಂದೊಂದು ಕೈಯಲ್ಲಿ ಹಿಡಿದು, ಕೈಗಳನ್ನು ಮುಂದಕ್ಕೆ ಚಾಚಿಕೊಂಡು ನಡೆಯಿರಿ ಎಂದಳು. ಛತ್ರಿಯ ಕೋಲು ಯಂತ್ರಕ್ಕೆ ಬಂದೂಕಿನ ನಳಿಗೆಯ ಹಾಗೆ ಕಾಣಬಹುದು. ದೇಹದಿಂದ ದೂರವಿದ್ದರೆ ಗೊಂದಲ ಕಡಿಮೆ. ದೇವರ ಮುಂದೆ ಆರತಿ ಹಿಡಿದವರಂತೆ ಎರಡೂ ಕೈ ಚಾಚಿ ಆಕೆ ನಿಧಾನವಾಗಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ಈ ಯಂತ್ರಗಳ ಬಗ್ಗೆ ಹೇಳಿದಷ್ಟೂ ನಿಜವಾಗಲಿಲ್ಲ. 2024ರಲ್ಲಿ ನ್ಯೂಯಾರ್ಕ್ ನಗರದ ಸುರಂಗ ರೈಲು ನಿಲ್ದಾಣಗಳಲ್ಲಿ ಇವುಗಳನ್ನು ಪರೀಕ್ಷಿಸಿದಾಗ 2,749 ತಪಾಸಣೆಗಳಲ್ಲಿ 118 ಸುಳ್ಳು ಎಚ್ಚರಿಕೆಗಳು ಬಂದವು. 12 ಚಾಕುಗಳು ಸಿಕ್ಕವು. ಬಂದೂಕು ಒಂದೂ ಸಿಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇವಾಲ್ವ್ ಕಂಪನಿ ತನ್ನ ಯಂತ್ರದ ಸಾಮರ್ಥ್ಯದ ಬಗ್ಗೆ ಜನರನ್ನು ದಾರಿ ತಪ್ಪಿಸಿದೆಯೆಂದು ಆರೋಪಿಸಿತು. ರಾಜಿಯ ಒಪ್ಪಂದದಲ್ಲಿ ಕೆಲವು ಶಾಲೆಗಳಿಗೆ ಗುತ್ತಿಗೆ ರದ್ದುಪಡಿಸಿಕೊಳ್ಳುವ ಅವಕಾಶ ದೊರೆಯಿತು. ನಾಳೆ ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರದ ಟೆಂಡರ್ ಪರಿಶೀಲಿಸುವ ಜಾಗದಲ್ಲಿ ಕೂತರೆ, ಮಾರಾಟಗಾರರ ಚಿತ್ರಪಟವನ್ನು ನೋಡಿ ತೃಪ್ತರಾಗದೆ, ಸ್ಟೀಲ್ ಡಬ್ಬಿಗಳ ಊಟ ಕಟ್ಟಿಕೊಂಡು ಬರುವ ನಮ್ಮ ಜನರ ಮೇಲೆಯೇ ಪರೀಕ್ಷೆ ನಡೆಸಿ ತೋರಿಸಿರೆಂದು ಕೇಳಬೇಕು.

ಯಂತ್ರಕ್ಕಿಂತ ದೊಡ್ಡ ಸಮಸ್ಯೆ ಸಾಲು. ಬಾಗಿಲಿನ ಒಳಗನ್ನು ಭದ್ರಪಡಿಸಿದಷ್ಟೂ ಹೊರಗೆ ಜನ ಗುಂಪುಗೂಡುತ್ತಾರೆ. ಆ ಗುಂಪನ್ನು ಯಾರೂ ತಪಾಸಿಸಿರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಇಲಿನಾಯ್‌ನ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಮೆರಿಕದಲ್ಲಿ ಗುಂಡು ಹಾರಿ ಮೂವರು ಗಾಯಗೊಂಡದ್ದು ಒಳಗಲ್ಲ, ಬಾಗಿಲಿನ ಹೊರಗಿನ ಪಾರ್ಕಿಂಗ್‌ನಲ್ಲಿ. 2017ರಲ್ಲಿ ಡಿಸ್ನಿಯವರು ಮ್ಯಾಜಿಕ್ ಕಿಂಗ್‌ಡಮ್‌ನ ತಪಾಸಣೆಯನ್ನು ಉದ್ಯಾನದ ಬಾಗಿಲಿನಿಂದ ದೂರಕ್ಕೆ, ಮಾನೋರೈಲು ಮತ್ತು ದೋಣಿ ಹತ್ತುವ ಜಾಗಕ್ಕೆ ಸರಿಸಿದರು. ನೋಡಲು ಸಣ್ಣ ಬದಲಾವಣೆಯಾದರೂ ಇದು ನಿಜವಾದ ವಿವೇಕದ ಕೆಲಸ: ತಪಾಸಣೆ ಮುಗಿಸಿದವರು ವಾಹನ ಹತ್ತಿ ಚದುರುತ್ತಾರೆ, ಒಂದೇ ಬಾಗಿಲ ಮುಂದೆ ರಾಶಿ ಬೀಳುವುದಿಲ್ಲ. ಬಾಗಿಲ ಮುಂದಿನ ನೂಕುನುಗ್ಗಲು ಆಯುಧವೇ ಇಲ್ಲದೆ ಪ್ರಾಣ ತೆಗೆಯಬಲ್ಲದೆಂಬುದಕ್ಕೆ ನಾವು ದೂರ ನೋಡಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಜನ ಸತ್ತರು.

ಕೊನೆಯದಾಗಿ, ಬಾಗಿಲಲ್ಲಿ ನಿಲ್ಲುವ ಮನುಷ್ಯನ ವಿಷಯ. ನಿಮ್ಮೆದುರು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. 2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಬರುತ್ತಿದ್ದಾಗ ಬಾಂಬ್ ಸಿಡಿದು 22 ಜನ ಸತ್ತರು. ಅದು ಮನರಂಜನಾ ಉದ್ಯಾನವಲ್ಲ, ಆದರೆ ಪಾಠ ಅಲ್ಲಿಗೂ ಇಲ್ಲಿಗೂ ಒಂದೇ. ಸ್ಫೋಟಕ್ಕೆ ಸುಮಾರು ಕಾಲು ಗಂಟೆ ಮೊದಲೇ ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬರು, ದೊಡ್ಡ ಚೀಲ ಹೊತ್ತು ಕೂತಿದ್ದವನ ಬಗ್ಗೆ ಕಾವಲಿನವನಿಗೆ ಹೇಳಿದ್ದರು. ಆ ಹುಡುಗ ತನಗೆ ವಹಿಸಿದ ಬಾಗಿಲು ಬಿಟ್ಟು ಹೋಗುವಂತಿರಲಿಲ್ಲ. ಅವನಿಂದ ವಿಷಯ ತಿಳಿದ ಮತ್ತೊಬ್ಬ ಕಾವಲುಗಾರ ಹದಿನೆಂಟು ವರ್ಷದವನು; ರೇಡಿಯೋದಲ್ಲಿ ನಿಯಂತ್ರಣ ಕೊಠಡಿಗೆ ತಿಳಿಸಲು ಯತ್ನಿಸಿ ಸಂಪರ್ಕ ಸಿಗದೆ ಕೈಬಿಟ್ಟ. ಏನೋ ಸರಿಯಿಲ್ಲವೆಂದು ಅನಿಸಿದ್ದರೂ, ತಪ್ಪಾದರೆ ಜನಾಂಗದ್ವೇಷಿ ಎನ್ನಿಸಿಕೊಳ್ಳಬೇಕಾಗುತ್ತದೆಂದು ಹೆದರಿದೆನೆಂದು ಆತ ವಿಚಾರಣಾ ಆಯೋಗದ ಮುಂದೆ ಹೇಳಿದ. ಆ ಹುಡುಗರನ್ನು ದೂರಲು ನನಗೆ ಮನಸ್ಸಿಲ್ಲ. ಅನುಮಾನ ಬಂದಾಗ ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ವಿಚಾರಿಸಬೇಕು, ತನ್ನ ಜಾಗ ಬಿಟ್ಟರೆ ಅಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಅವರಿಗೆ ಕಲಿಸಬೇಕಿದ್ದವರು ಬೇರೆ.

ಆ ದುರಂತದಲ್ಲಿ ಮಗ ಮಾರ್ಟಿನ್‌ನನ್ನು ಕಳೆದುಕೊಂಡ ತಾಯಿ ಫಿಗೆನ್ ಮರ್ರೆಯವರ ಹೋರಾಟದಿಂದ ಬ್ರಿಟನ್ 2025ರ ಏಪ್ರಿಲ್‌ನಲ್ಲಿ ‘ಮಾರ್ಟಿನ್ಸ್ ಲಾ’ ಎಂದು ಕರೆಯುವ ಕಾನೂನನ್ನು ಮಾಡಿತು. ಒಟ್ಟಿಗೆ 200 ಜನ ಸೇರಬಹುದಾದ ಜಾಗಗಳು ದಾಳಿಯಾದರೆ ಏನು ಮಾಡಬೇಕೆಂಬ ಕ್ರಮವನ್ನು ಮೊದಲೇ ಗೊತ್ತುಪಡಿಸಿಕೊಂಡಿರಬೇಕು. 800 ಮತ್ತು ಅದಕ್ಕೂ ಹೆಚ್ಚು ಜನ ಸೇರುವ ಜಾಗಗಳ ಹೊಣೆ ಇನ್ನೂ ದೊಡ್ಡದು. ಇದನ್ನು ಜಾರಿಗೊಳಿಸುವ ಮೊದಲು ಸಿದ್ಧತೆಗೆ ಕನಿಷ್ಠ 24 ತಿಂಗಳು ಕೊಟ್ಟಿದ್ದಾರೆ.

ನಮ್ಮ ಕಡೆಯ ಉದ್ಯಾನಗಳ ಬಾಗಿಲಲ್ಲಿ ಈಗ ಚೀಲ ಬಿಚ್ಚಿಸುವುದು ಹೆಚ್ಚಾಗಿ ಹೊರಗಿನ ತಿಂಡಿ, ಮದ್ಯ, ಗುಟ್ಕಾ ಹುಡುಕಲು. ಚಿತ್ರಾನ್ನದ ಡಬ್ಬಿಯನ್ನು ಹಿಡಿದ ಕಾವಲುಗಾರನಿಗೆ, ಚೀಲವೇ ಇಲ್ಲದೆ ದಪ್ಪ ಜಾಕೆಟ್ ತೊಟ್ಟು ಬಿಸಿಲಲ್ಲಿ ಬೆವರುತ್ತ ಪಕ್ಕದಲ್ಲೇ ದಾಟಿದವನನ್ನು ನೋಡಲು ಯಾರೂ ಹೇಳಿಕೊಟ್ಟಿರುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆ ನಿಂತವನ ಕಣ್ಣಿಗೆ ಸಂಜೆಯ ಹೊತ್ತಿಗೆ ಮುಖಗಳೇ ಕಾಣುವುದಿಲ್ಲ. ಆದ್ದರಿಂದ ಕೆಲಸಕ್ಕೆ ಸೇರುವ ದಿನ ನೀವು ಕೇಳಬೇಕಾದ ಪ್ರಶ್ನೆಗಳು ಇವು: ಬಾಗಿಲಲ್ಲಿ ಎಷ್ಟು ಹೊತ್ತಿಗೊಮ್ಮೆ ನಮ್ಮನ್ನು ಬದಲಿಸುತ್ತೀರಿ, ನಮ್ಮ ರೇಡಿಯೋಗೆ ಆ ಕಡೆಯಿಂದ ಉತ್ತರ ಕೊಡುವವರು ಯಾರು, ಅನುಮಾನದಿಂದ ಒಬ್ಬರನ್ನು ತಡೆದು ನಮ್ಮ ಊಹೆ ಸುಳ್ಳಾದರೆ ನಮ್ಮ ಪರವಾಗಿ ನಿಲ್ಲುತ್ತೀರಾ?